ಒಂದು ವಾರ ಪೂರ್ತಿ ಬೀಥೋವನ್

ಬೀಥೋವನ್‌ನ ಐದನೇ ಸಿಂಫನಿಯ ಶುರುವಾತನ್ನು ಕೇಳದವರು ಕಡಿಮೆ. (ಸಿಂಫನಿ ಎಂದರೆ ಇಡೀ ವಾದ್ಯವೃಂದಕ್ಕೆಂದು ಬರೆದ, ಹಲವು ಭಾಗಗಳ ದೊಡ್ಡ ಕೃತಿ.) ಡ-ಡ-ಡ-ಡಾ. ಪಾಶ್ಚಾತ್ಯ ಸಂಗೀತದ ಗಂಧವಿಲ್ಲದವರ ಕಿವಿಗೂ ಜಾಹೀರಾತಿನಲ್ಲೋ ಸಿನಿಮಾದಲ್ಲೋ ಅದು ಬಿದ್ದಿರುತ್ತದೆ. ಆದರೆ ಸ್ವರಲಿಪಿಯ ಮೊದಲ ಪುಟ ತೆರೆದು ನೋಡಿ. ಮೊದಲು ಕಾಣುವುದು ಒಂದು ವಿರಾಮದ ಗುರುತು. ನಮ್ಮ ತಾಳದ ಆವರ್ತದ ಹಾಗೆ ಅಲ್ಲಿ ಕಾಲವನ್ನು ‘ಬಾರ್’ ಎಂಬ ಸಣ್ಣ ಸಣ್ಣ ಮನೆಗಳಾಗಿ ಕತ್ತರಿಸಿರುತ್ತಾರೆ. ಮೊದಲ ಮನೆಯ ಕಾಲು ಭಾಗ ಬರೀ ಮೌನ. ಆಮೇಲೆ ಮೂರು ಚುರುಕು ಸ್ವರ. ಆಮೇಲೆ ಎಳೆದು ನಿಲ್ಲಿಸಿದ ಒಂದು ಸ್ವರ.

ಕೈ ಆಡಿಸಿ ಇಡೀ ವಾದ್ಯವೃಂದವನ್ನು ನಡೆಸುವವರು ಕಂಡಕ್ಟರ್. ಅವರ ಕೈ ಕೆಳಗೆ ಬೀಳುವುದು ಆ ಮೌನದ ಮೇಲೆ. ಪಿಟೀಲುಗಳೆಲ್ಲ ಎತ್ತಿಕೊಳ್ಳುವುದು ಅದರ ನಂತರ.

ಕರ್ನಾಟಕ ಸಂಗೀತ ಕೇಳುವವರಿಗೆ ಇದು ಗೊತ್ತಿರುವ ವಿಷಯವೇ. ತಾಳದ ಏಟು ಬಿದ್ದ ಮೇಲೆ ಸ್ವಲ್ಪ ತಡೆದು ಪಲ್ಲವಿ ಎತ್ತಿಕೊಳ್ಳುವ ಅನಾಗತ ಎಡುಪಿನ ಕೃತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಅಲ್ಲಿ ಹಾಡುವವರ ಕೈಯೇ ಅವರ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಕಾಲಪ್ರಮಾಣ ಯಾವುದು ಎಂದು ಅವರಿಗೆ ಗೊತ್ತು. ಇಲ್ಲಿ ಹಾಗಲ್ಲ. ಐವತ್ತು ಅರವತ್ತು ಜನ ಕೂತಿದ್ದಾರೆ. ಇನ್ನೂ ಯಾವ ತಾಳವೂ ಶುರುವಾಗಿಲ್ಲ. ಒಬ್ಬರ ಕೈ ಒಂದು ಸಲ ಮೇಲೇಳುತ್ತದೆ, ಒಂದು ಸಲ ಕೆಳಗಿಳಿಯುತ್ತದೆ. ಎಷ್ಟು ವೇಗ, ಎಷ್ಟು ಜೋರು, ಸ್ವರ ಎಷ್ಟು ಮೊನಚು, ಎಲ್ಲವೂ ಆ ಒಂದೇ ಏಳು-ಬೀಳಿನಲ್ಲಿ ತಿಳಿಯಬೇಕು.

ಈ ಒಂದು ಪುಟವನ್ನು ಸರಿಯಾಗಿ ಕಲಿಯಲು ಯುವ ಕಂಡಕ್ಟರ್‌ಗಳು ದೂರದ ಊರಿಗೆ ಹೋಗಿ, ದುಡ್ಡು ಕಟ್ಟಿ, ವಾರವಿಡೀ ಕೂರುತ್ತಾರೆ. ಮಾಸ್ಟರ್‌ಕ್ಲಾಸ್ ಎನ್ನುವುದು ಇದನ್ನೇ. ಅದರಲ್ಲೂ ಕೆಲವು ಶಿಬಿರಗಳು ಒಬ್ಬನೇ ಸಂಗೀತಕಾರನಿಗೆ ಮೀಸಲು. ವಾರ ಪೂರ್ತಿ ಬರೀ ಬ್ರಾಮ್ಸ್. ಅಥವಾ ಬರೀ ಸಿಬೇಲಿಯಸ್. ಅಥವಾ ಬರೀ ಬೀಥೋವನ್. ಒಬ್ಬರನ್ನೇ ಹಿಡಿದು ಕೂತರೆ ಏನು ಸಿಗುತ್ತದೆ ಎಂಬುದನ್ನು ಬೀಥೋವನ್‌ನ ಮೂಲಕ ಹೇಳುತ್ತೇನೆ. ಅವನ ಒಂಬತ್ತು ಸಿಂಫನಿಗಳು ಈ ವಿದ್ಯೆಗೆ, ನಮ್ಮ ಸಂಗೀತ ಕಲಿಕೆಯಲ್ಲಿ ವರ್ಣಗಳಿದ್ದ ಹಾಗೆ. ಕಲಿಯುವವರೆಲ್ಲ ಅದರ ಮೂಲಕವೇ ಹಾದುಹೋಗಬೇಕು. ಎಷ್ಟು ದೊಡ್ಡವರಾದರೂ ಮತ್ತೆ ಅದಕ್ಕೇ ಬರುತ್ತಾರೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣೇಶನ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವ ತಂಡ. ಇಲ್ಲಿ ಹೇಳುತ್ತಿರುವುದು ಸಿಂಫನಿ ಆರ್ಕೆಸ್ಟ್ರಾ. ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬಾಸ್ ಸೇರಿದ ತಂತಿವಾದ್ಯಗಳ ದೊಡ್ಡ ಗುಂಪು. ಅವುಗಳ ಹಿಂದೆ ಕೊಳಲು, ಓಬೋ, ಕ್ಲಾರಿನೆಟ್, ಬಸೂನ್. ಇನ್ನೂ ಹಿಂದೆ ಹಾರ್ನ್, ಟ್ರಂಪೆಟ್, ಟಿಂಪನಿ ಎಂಬ ದೊಡ್ಡ ನಗಾರಿಗಳು. ಪ್ರತಿಯೊಬ್ಬರ ಮುಂದೆಯೂ ಅವರವರ ಪಾಲಿನ ಸ್ವರ ಮಾತ್ರ ಇರುತ್ತದೆ. ಎಲ್ಲರ ಪಾಲೂ ಸೇರಿದ ದಪ್ಪ ಪುಸ್ತಕ ಇರುವುದು ಕಂಡಕ್ಟರ್ ಒಬ್ಬರ ಮುಂದೆ. ಅದಕ್ಕೆ ಸ್ಕೋರ್ ಎನ್ನುತ್ತಾರೆ.

ಯಕ್ಷಗಾನದ ಭಾಗವತರನ್ನು ನೆನೆದುಕೊಂಡರೆ ಕಂಡಕ್ಟರ್ ಕೆಲಸ ಅರ್ಧ ಅರ್ಥವಾದ ಹಾಗೆ. ಚೆಂಡೆ, ಮದ್ದಳೆ, ವೇಷಧಾರಿಯ ಹೆಜ್ಜೆ ಎಲ್ಲ ಭಾಗವತರ ಹಿಡಿತದಲ್ಲಿರುತ್ತದೆ. ಆದರೆ ಭಾಗವತರು ತಾವೇ ಹಾಡುತ್ತಾರೆ, ಜಾಗಟೆಯನ್ನೋ ತಾಳವನ್ನೋ ಬಾರಿಸುತ್ತಾರೆ. ದಾರಿ ತಪ್ಪಿದವರನ್ನು ದನಿಯಿಂದಲೇ ಎಳೆದು ತರುತ್ತಾರೆ. ಕಂಡಕ್ಟರ್‌ಗೆ ದನಿಯೇ ಇಲ್ಲ. ಆ ವೇದಿಕೆಯಲ್ಲಿ ಸದ್ದು ಮಾಡದವರು ಅವರೊಬ್ಬರೇ.

ಈ ವಿದ್ಯೆ ಕಲಿಯುವುದು ಕಷ್ಟವಾಗುವುದು ಇಲ್ಲೇ. ವೀಣೆ ಕಲಿಯುವವರು ರಾತ್ರಿ ಹತ್ತಕ್ಕೂ ಮನೆಯಲ್ಲಿ ಕೂತು ಸಾಧನೆ ಮಾಡಬಹುದು. ಕಂಡಕ್ಟರ್‌ನ ವಾದ್ಯ ಎಂದರೆ ಐವತ್ತು ಜೀವಂತ ಮನುಷ್ಯರು. ಅವರಿಗೆ ಸಂಬಳ ಕೊಡಬೇಕು, ಸಭಾಂಗಣ ಬೇಕು, ಅವರಿಗೆ ಸುಸ್ತೂ ಆಗುತ್ತದೆ. ಕನ್ನಡಿಯ ಮುಂದೆ ಕೈ ಬೀಸಿ ಕಲಿಯಬಹುದಾದದ್ದು ಸ್ವಲ್ಪ ಮಾತ್ರ. ಕನ್ನಡಿ ತಪ್ಪು ಸ್ವರ ನುಡಿಸುವುದಿಲ್ಲ, ತಡವಾಗಿ ಬರುವುದಿಲ್ಲ. ಹಾಗಾಗಿಯೇ ಈ ಶಿಬಿರಗಳು. ಹತ್ತಾರು ಜನ ಸೇರಿ ಒಂದು ಆರ್ಕೆಸ್ಟ್ರಾದ ಖರ್ಚು ಹಂಚಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ದಿನಕ್ಕೆ ಸಿಗುವುದು ಹದಿನೈದೋ ಇಪ್ಪತ್ತೋ ನಿಮಿಷ. ಉಳಿದ ಹೊತ್ತು ಸ್ಕೋರ್ ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಬೇರೆಯವರನ್ನು ನೋಡುತ್ತಾ ಕೂರುವುದು. ಕೈ ಆಡಿಸದೆ ಸುಮ್ನೆ ನೋಡಿ ಕಲಿಯಲೆಂದೇ ಕಡಿಮೆ ಶುಲ್ಕ ಕೊಟ್ಟು ಬರುವವರೂ ಇರುತ್ತಾರೆ. ಆ ಇಪ್ಪತ್ತು ನಿಮಿಷಕ್ಕಿಂತ ಈ ನೋಡುವ ಗಂಟೆಗಳಲ್ಲೇ ಕಲಿಕೆ ಜಾಸ್ತಿ ಎಂದು ನನಗೆ ಅನ್ನಿಸುತ್ತದೆ. ಒಂದೇ ಪುಟವನ್ನು ಎಂಟು ಜನ ಎಂಟು ರೀತಿ ಎತ್ತಿಕೊಳ್ಳುತ್ತಾರೆ. ಆರ್ಕೆಸ್ಟ್ರಾ ಅದೇ, ಸ್ವರ ಅದೇ. ಸದ್ದು ಮಾತ್ರ ಎಂಟು ಥರ. ಕೈಗೂ ಸದ್ದಿಗೂ ಇರುವ ನಂಟು ಆಗ ಕಣ್ಣಿಗೆ ಕಾಣುತ್ತದೆ.

ಸಾಮಾನ್ಯವಾಗಿ ಮೊದಲ ಒಂದೆರಡು ದಿನ ಆರ್ಕೆಸ್ಟ್ರಾ ಇರುವುದಿಲ್ಲ. ಎರಡು ಪಿಯಾನೊ ಇಟ್ಟು, ಇಬ್ಬರು ನುಡಿಸುವವರನ್ನು ಕೂರಿಸಿ, ಅವರ ಮುಂದೆ ಕೈ ಆಡಿಸುವುದು. ಶಿಕ್ಷಕರು ಪಕ್ಕದಲ್ಲೇ ನಿಂತಿರುತ್ತಾರೆ. ಕೈ ಎತ್ತಿದಾಗ ಉಸಿರು ತೆಗೆದುಕೊಂಡೆಯಾ? ಮೊಣಕೈ ಯಾಕೆ ಬಿಗಿಯಾಯಿತು? ಆ ಏಟು ಯಾರಿಗಾಗಿ? ಇಂಥ ಪ್ರಶ್ನೆಗಳು. ಆಮೇಲೆ ಆರ್ಕೆಸ್ಟ್ರಾ ಬರುತ್ತದೆ, ಕೊನೆಯ ದಿನ ಕಛೇರಿ.

ಆರ್ಕೆಸ್ಟ್ರಾ ಬಂದ ಮೊದಲ ದಿನ ಬಹುತೇಕ ಎಲ್ಲರೂ ಮಾಡುವ ಒಂದು ತಪ್ಪಿದೆ. ದೊಡ್ಡ ತಂಡದ ಸದ್ದು ಕೈಯ ಏಟಿಗಿಂತ ಒಂದು ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಬಿಲ್ಲು ತಂತಿಯನ್ನು ಹಿಡಿಯಬೇಕು, ಊದುವವರ ಗಾಳಿ ಕೊಳವೆ ತುಂಬಬೇಕು. ಹೊಸಬರು ಆ ಸದ್ದಿಗಾಗಿ ಕಾಯುತ್ತಾರೆ. ಸದ್ದು ಕೇಳಿದ ಮೇಲೆ ಮುಂದಿನ ಏಟು ಹಾಕುತ್ತಾರೆ. ಆಗ ಆರ್ಕೆಸ್ಟ್ರಾ ಇನ್ನಷ್ಟು ಹಿಂದೆ ಬೀಳುತ್ತದೆ. ಅದನ್ನು ಕೇಳಿ ಕೈ ಇನ್ನೂ ನಿಧಾನ. ಹತ್ತು ಬಾರ್ ಕಳೆಯುವಷ್ಟರಲ್ಲಿ ಚುರುಕಾದ ಸಂಗೀತ ಕೆಸರಿನಲ್ಲಿ ಕಾಲೆಳೆಯುತ್ತಿರುತ್ತದೆ. ಯಾರೂ ತಪ್ಪು ನುಡಿಸಿಲ್ಲ. ಮುಂದೆ ಬರಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು ಕೈ ಮುಂದೆ ಹೋಗಬೇಕಿತ್ತು. ಅದು ಈಗಾಗಲೇ ಆಗಿಹೋದ ಸದ್ದಿನ ಹಿಂದೆ ಹೋಯಿತು, ಅಷ್ಟೇ.

ಇನ್ನು ಒಬ್ಬನೇ ಸಂಗೀತಕಾರನನ್ನು ಹಿಡಿದು ಕೂರುವ ವಿಷಯ. ಒಂದು ದಿನ ಮೊಜಾರ್ಟ್, ಮರುದಿನ ಚೈಕೋವ್‌ಸ್ಕಿ, ಅದರ ಮರುದಿನ ಇನ್ಯಾರೋ ಎಂದು ಕಲಿತರೆ ಕೃತಿಗಳು ಬರುತ್ತವೆ. ಬರೆದವನ ಕೈಬರಹ ಗುರುತಿಸಲು ಬರುವುದಿಲ್ಲ. ಬೀಥೋವನ್‌ನಲ್ಲೇ ಮೂರು ದಿನ ಮುಳುಗಿದರೆ ಅವನ ಅಭ್ಯಾಸಗಳು ಒಂದೊಂದಾಗಿ ಕಾಣತೊಡಗುತ್ತವೆ.

ಒಂದನ್ನು ಹೇಳುತ್ತೇನೆ. ಸದ್ದು ಮೆಲ್ಲಗೆ ಏರುತ್ತಾ ಹೋಗುವುದಕ್ಕೆ ಕ್ರೆಶೆಂಡೊ ಎನ್ನುತ್ತಾರೆ. ಏರಿ ಏರಿ ಕೊನೆಗೆ ಒಂದು ದೊಡ್ಡ ಸದ್ದಿಗೆ ತಲುಪುವುದು ಸಹಜ ಅಲ್ವಾ? ಬೀಥೋವನ್ ಎಷ್ಟೋ ಕಡೆ ಹಾಗೆ ಮಾಡುವುದಿಲ್ಲ. ಏರಿಸುತ್ತಾ ಏರಿಸುತ್ತಾ ಬಂದು, ತುದಿ ಮುಟ್ಟಬೇಕಾದ ಜಾಗದಲ್ಲಿ ಥಟ್ಟನೆ ಮೆಲ್ಲಗೆ ಎಂದು ಬರೆಯುತ್ತಾನೆ. ಮೆಟ್ಟಿಲು ಹತ್ತುವಾಗ ಕೊನೆಯ ಮೆಟ್ಟಿಲೇ ಇಲ್ಲದ ಹಾಗೆ. ಅವನ ಮೊದಲಿನ ಕೃತಿಗಳಿಂದ ಕೊನೆಯವರೆಗೂ ಇದು ಸಿಗುತ್ತದೆ.

ಕೇಳುವವರಿಗೆ ಇದು ರೋಮಾಂಚನ. ಕೈ ಆಡಿಸುವವರಿಗೆ ದೊಡ್ಡ ಇಕ್ಕಟ್ಟು. ಕ್ರೆಶೆಂಡೊ ತೋರಿಸಲು ಕೈ ದೊಡ್ಡದಾಗುತ್ತಾ ಹೋಗಿದೆ. ಮುಂದಿನ ಏಟು ಪುಟ್ಟದಾಗಬೇಕು. ಆದರೆ ಮೆಲ್ಲಗೆ ಎನ್ನುವ ಸೂಚನೆಯನ್ನು ಆ ಏಟಿನಲ್ಲೇ ಕೊಟ್ಟರೆ ತಡವಾಯಿತು. ಅದಕ್ಕೂ ಒಂದು ಏಟು ಮುಂಚೆಯೇ ಕೊಡಬೇಕು. ತೀರಾ ಮುಂಚೆ ಕೊಟ್ಟರೆ ನುಡಿಸುವವರು ಬೇಗನೆ ಇಳಿಸಿಬಿಡುತ್ತಾರೆ, ಏರಿಕೆಯ ತುದಿಯೇ ಉದುರಿಹೋಗುತ್ತದೆ. ಹಾಗಾಗಿ ಬಲಗೈ ಏರಿಕೆಯನ್ನು ಹಿಡಿದಿರುವಾಗಲೇ ಎಡಗೈ ಅಂಗೈ ತೋರಿಸಿ ‘ಹುಷಾರು’ ಅನ್ನಬೇಕು. ಮೊದಲ ದಿನ ಇದು ಯಾರಿಗೂ ಬರುವುದಿಲ್ಲ. ಎರಡನೇ ಸಿಂಫನಿಯಲ್ಲಿ ಒಮ್ಮೆ, ನಾಲ್ಕನೆಯದರಲ್ಲಿ ಒಮ್ಮೆ, ಏಳನೆಯದರಲ್ಲಿ ಮತ್ತೊಮ್ಮೆ ಎಂದು ಎದುರಾಗುತ್ತಲೇ ಇದ್ದರೆ ವಾರದ ಕೊನೆಗೆ ಎಡಗೈ ತಾನಾಗಿಯೇ ಎದ್ದು ನಿಲ್ಲುತ್ತದೆ. ಇದೇ ಈ ಶಿಬಿರದ ಲಾಭ. ಬೇರೆ ಬೇರೆಯವರ ಕೃತಿಗಳನ್ನು ಬೆರೆಸಿದ್ದರೆ ಈ ಅಭ್ಯಾಸ ಇಷ್ಟು ಸಲ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಮೂರನೇ ಸಿಂಫನಿ ‘ಎರೋಯಿಕಾ’ ಇನ್ನೊಂದು ಅಭ್ಯಾಸದ ಪಾಠಶಾಲೆ. 1805ರ ಏಪ್ರಿಲ್ 7ರಂದು ವಿಯೆನ್ನಾದಲ್ಲಿ ಇದು ಸಾರ್ವಜನಿಕರೆದುರು ಬಂತು. ಮೊದಲ ಭಾಗ ಮೂರು ಎಣಿಕೆಯದು. ಒಂದು-ಎರಡು-ಮೂರು, ಒಂದು-ಎರಡು-ಮೂರು. ಆದರೆ ನಡುನಡುವೆ ಇಡೀ ಆರ್ಕೆಸ್ಟ್ರಾ ಎರಡೆರಡು ಎಣಿಕೆಗೆ ಒಂದರಂತೆ ಗುದ್ದುತ್ತಾ ಹೋಗುತ್ತದೆ. ಬರೆದ ತಾಳ ಮೂರು, ಕೇಳುವ ಪೆಟ್ಟು ಎರಡು. ಆಗ ಕಂಡಕ್ಟರ್ ಕೈ ಎತ್ತ ಹೋಗಬೇಕು?

ಪೆಟ್ಟಿನ ಜೊತೆ ಹೋದರೆ ಸುಲಭ. ನೋಡಲೂ ಜೋರಾಗಿ ಕಾಣುತ್ತದೆ. ಆದರೆ ಹಾಗೆ ಹೋದ ಕೂಡಲೇ ತಾಳವೇ ಎರಡಾಗಿಬಿಡುತ್ತದೆ. ಸಂಗೀತದಲ್ಲಿ ಇದ್ದ ಜಗಳ ಮಾಯವಾಗುತ್ತದೆ. ಶಿಕ್ಷಕರು ಇಲ್ಲಿ ಹಟ ಹಿಡಿಯುತ್ತಾರೆ: ಕೈ ಮೂರರಲ್ಲೇ ಇರಲಿ. ಮೃದಂಗದವರು ಕೋರ್ವೆ ನುಡಿಸುವಾಗ ನಾವು ತಾಳ ಹಾಕುತ್ತಾ ಕೂತಿರುತ್ತೇವಲ್ಲ, ಹಾಗೆ. ನುಡಿಸುವವನು ಎಲ್ಲೆಲ್ಲೋ ಒತ್ತು ಕೊಡುತ್ತಾ ಹೋಗುತ್ತಾನೆ. ನಮ್ಮ ಕೈ ಅಲ್ಲಾಡದೆ ನಿಂತಿರುವುದರಿಂದಲೇ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಬಂದು ಬಿದ್ದಾಗ ಮೈ ಜುಂ ಎನ್ನುತ್ತದೆ. ಕೈಯೂ ಅವನ ಹಿಂದೆ ಓಡಿದ್ದರೆ ಬರುವುದಕ್ಕೆ ಸಮವೇ ಇರುತ್ತಿರಲಿಲ್ಲ.

ಇದೇ ಭಾಗದಲ್ಲಿ ಹಾರ್ನ್‌ನ ಒಂದು ಪ್ರಸಂಗವಿದೆ. ಮೊದಲ ರಾಗಭಾವ ಮತ್ತೆ ಮನೆಗೆ ಮರಳುವ ಹೊತ್ತು. ಪಿಟೀಲುಗಳು ತುಂಬಾ ಮೆಲ್ಲಗೆ, ಇನ್ನೂ ಹೊರಗಿನ ಸ್ವರಗಳ ಮೇಲೆ ನಡುಗುತ್ತಿವೆ. ಅಷ್ಟರಲ್ಲೇ ಎರಡನೇ ಹಾರ್ನ್ ಬೇಕಾದ್ದಕ್ಕಿಂತ ಮುಂಚೆ ಮೂಲ ಧಾಟಿಯನ್ನು ಎತ್ತಿಕೊಂಡುಬಿಡುತ್ತದೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಮೊದಲ ರಿಹರ್ಸಲ್‌ನಲ್ಲಿ ಬೀಥೋವನ್‌ನ ಪಕ್ಕದಲ್ಲೇ ನಿಂತಿದ್ದ ಅವನ ಶಿಷ್ಯ ಫರ್ಡಿನಂಡ್ ರೀಸ್, ಹಾರ್ನ್‌ನವನಿಗೆ ಎಣಿಸಲು ಬರುವುದಿಲ್ಲ ಎಂದು ಬೈದನಂತೆ. ಗುರುವಿನಿಂದ ಕಪಾಳಕ್ಕೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು ಎಂದು ರೀಸ್ ತಾನೇ ಮುಂದೆ ಬರೆದುಕೊಂಡಿದ್ದಾನೆ. ಬೀಥೋವನ್ ಬೇಕೆಂದೇ ಹಾಗೆ ಬರೆದಿದ್ದ. ಶಿಬಿರದಲ್ಲಿ ಕಲಿಯಬೇಕಾದದ್ದು ಇಷ್ಟು: ಆ ಹಾರ್ನ್‌ಗೆ ದೊಡ್ಡದಾಗಿ ಕೈ ತೋರಿಸಬಾರದು. ತೋರಿಸಿದರೆ ಅದು ಸರಿಯಾದ ಪ್ರವೇಶದಂತೆ ಕೇಳುತ್ತದೆ. ಕಣ್ಣಿನಲ್ಲಿ ಒಪ್ಪಿಗೆ ಕೊಟ್ಟು, ಕೈ ಪಿಟೀಲುಗಳ ಕಡೆಗೇ ಇಟ್ಟರೆ, ಕಾಯಲಾರದೆ ನುಗ್ಗಿ ಬಂದವನ ಹಾಗೆ ಹಾರ್ನ್ ಕೇಳುತ್ತದೆ. ಬೀಥೋವನ್‌ಗೆ ಬೇಕಿದ್ದದ್ದು ಅದೇ ಎಂದು ನನ್ನ ನಂಬಿಕೆ.

ಈ ವಾರದಲ್ಲಿ ಅತಿ ಹೆಚ್ಚು ವಾದ ನಡೆಯುವುದು ವೇಗದ ಬಗ್ಗೆ. ಮೆಲ್ಟ್ಸೆಲ್ ಎಂಬಾತ 1815ರಲ್ಲಿ ಮೆಟ್ರೊನೋಮ್ ಯಂತ್ರಕ್ಕೆ ಪೇಟೆಂಟ್ ಪಡೆದ. ನಿಮಿಷಕ್ಕೆ ಎಷ್ಟು ಏಟು ಎಂದು ಟಿಕ್ ಟಿಕ್ ಎನ್ನುತ್ತಾ ತೋರಿಸುವ ಯಂತ್ರ ಅದು. ಬೀಥೋವನ್‌ಗೆ ಅದು ಬಹಳ ಹಿಡಿಸಿತು. 1817ರಲ್ಲಿ ಅಲ್ಲಿಯವರೆಗಿನ ಎಂಟೂ ಸಿಂಫನಿಗಳಿಗೆ ಅಂಕಿ ಹಾಕಿ ಪ್ರಕಟಿಸಿದ. ಐದನೆಯದರ ಮೊದಲ ಭಾಗಕ್ಕೆ 108. ಅಂದರೆ ನಿಮಿಷಕ್ಕೆ 108 ಬಾರ್. ಮೊದಲ ದೊಡ್ಡ ತುಂಡು 124 ಬಾರ್ ಇದೆ. ಅಷ್ಟೂ ಒಂದು ನಿಮಿಷ ಹತ್ತು ಸೆಕೆಂಡಿನ ಸುಮಾರಿಗೆ ಮುಗಿದುಹೋಗಬೇಕು. ಎರೋಯಿಕಾದ ಮೊದಲ ಭಾಗಕ್ಕೆ 60. ಗಡಿಯಾರದ ಸೆಕೆಂಡ್ ಮುಳ್ಳಿನ ಒಂದು ಹೆಜ್ಜೆಗೆ ಒಂದು ಬಾರ್. ಅಂಥ 691 ಬಾರ್.

ಇದು ನಿಜಕ್ಕೂ ತುಂಬಾ ವೇಗ. ಯಂತ್ರ ಕೆಟ್ಟಿತ್ತು ಎಂದವರಿದ್ದಾರೆ, ಕಿವಿ ಕೇಳದವನು ಮನಸ್ಸಿನಲ್ಲೇ ಎಣಿಸಿದ್ದು ಎಂದವರಿದ್ದಾರೆ. ಇಪ್ಪತ್ತನೇ ಶತಮಾನದ ಬಹುಪಾಲು ಕಂಡಕ್ಟರ್‌ಗಳು ಈ ಅಂಕಿಗಳನ್ನು ಪಕ್ಕಕ್ಕಿಟ್ಟರು. ಫುರ್ಟ್‌ವೆಂಗ್ಲರ್ ಕೈಯಲ್ಲಿ ಈ ಸಂಗೀತ ನದಿಯಂತೆ ಹಿಗ್ಗಿ ಕುಗ್ಗಿ ಹರಿಯುತ್ತಿತ್ತು. ತೋಸ್ಕನೀನಿ ಬಿಗಿಯಾಗಿ, ಚುರುಕಾಗಿ ಓಡಿಸುತ್ತಿದ್ದರು. 1980 ಮತ್ತು 90ರ ದಶಕದಲ್ಲಿ ನಾರಿಂಗ್ಟನ್, ಗಾರ್ಡಿನರ್ ಮುಂತಾದವರು ಹಳೆಯ ಕಾಲದ ಬಗೆಯ ವಾದ್ಯಗಳನ್ನಿಟ್ಟು, ಅಂಕಿಗಳ ಹತ್ತಿರಕ್ಕೆ ಹೋಗಿ ನುಡಿಸಿ ತೋರಿಸಿದರು. ಆಗದ ಮಾತು ಎನ್ನುತ್ತಿದ್ದದ್ದು ಆಗುತ್ತದೆ ಎಂದು ಗೊತ್ತಾಯಿತು.

ನನ್ನ ಅಭಿಪ್ರಾಯ ಹೇಳುವುದಾದರೆ, ಅಂಕಿಯನ್ನು ಎಸೆಯಬಾರದು. 108 ಎಂದು ಬರೆದವನು ಈ ಭಾಗವನ್ನು ಬಾರ್‌ಗೆ ಎರಡು ಏಟಿನಲ್ಲಿ ಎಣಿಸಲಿಲ್ಲ, ಒಂದೇ ಏಟಿನಲ್ಲಿ ಕೇಳಿಸಿಕೊಂಡ ಎನ್ನುವುದಂತೂ ಅದರಿಂದ ಖಚಿತ. ಆ ಅರಿವು ಕೈಗೆ ಬಂದರೆ 104 ಆದರೂ 100 ಆದರೂ ಸಂಗೀತ ಓಡುತ್ತದೆ. ಬೀಥೋವನ್ ತಾನೇ ಒಂದು ಹಾಡಿನ ಹಸ್ತಪ್ರತಿಯಲ್ಲಿ, ಈ ಅಂಕಿ ಮೊದಲ ಕೆಲವು ಬಾರ್‌ಗಳಿಗೆ ಮಾತ್ರ, ಭಾವಕ್ಕೂ ಅದರದೇ ಲಯವಿದೆ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಸಭಾಂಗಣ ದೊಡ್ಡದಿದ್ದು ಸದ್ದು ಗುಂಯ್‌ಗುಡುತ್ತಿದ್ದರೆ ಸ್ವಲ್ಪ ನಿಧಾನಿಸಲೇಬೇಕು. ಅದನ್ನು ಕಿವಿ ಹೇಳಬೇಕು.

ಬಾರ್‌ಗೆ ಒಂದೇ ಏಟು ಎಂದ ಮೇಲೆ ಮತ್ತೊಂದು ಪ್ರಶ್ನೆ ಹುಟ್ಟುತ್ತದೆ. ಏಟುಗಳೆಲ್ಲ ಒಂದೇ ಥರ ಕೆಳಗೆ ಬೀಳುತ್ತಾ ಹೋದರೆ ಯಾವುದು ಮುಖ್ಯ, ಯಾವುದು ಅಧೀನ? ಮಾತಿನಲ್ಲಿ ಪದಗಳು ಸೇರಿ ವಾಕ್ಯವಾಗುವ ಹಾಗೆ ಬಾರ್‌ಗಳೂ ನಾಲ್ಕು ನಾಲ್ಕಾಗಿಯೋ ಮೂರು ಮೂರಾಗಿಯೋ ಗುಂಪು ಕಟ್ಟುತ್ತವೆ. ವಿಯೆನ್ನಾದ ಪ್ರಸಿದ್ಧ ಶಿಕ್ಷಕ ಹಾನ್ಸ್ ಸ್ವರೋವ್‌ಸ್ಕಿ ತಮ್ಮ ಶಿಷ್ಯರಿಗೆ ಈ ಗುಂಪುಗಳನ್ನು ಬಿಡಿಸಿ ನೋಡುವುದನ್ನೇ ಮೊದಲ ಪಾಠ ಎನ್ನುವಷ್ಟು ಒತ್ತಿ ಕಲಿಸುತ್ತಿದ್ದರು. ಬೀಥೋವನ್ ಕೂಡ ಒಂಬತ್ತನೆಯದರ ಎರಡನೇ ಭಾಗದಲ್ಲಿ ‘ಇಲ್ಲಿಂದ ಮೂರು ಬಾರ್‌ಗೆ ಒಂದು ಲಯ’, ಮುಂದೆ ‘ಇಲ್ಲಿಂದ ನಾಲ್ಕಕ್ಕೆ’ ಎಂದು ತಾನೇ ಬರೆದುಕೊಟ್ಟಿದ್ದಾನೆ. ಉಳಿದ ಕಡೆ ನಾವೇ ಹುಡುಕಿಕೊಳ್ಳಬೇಕು. ಶಿಬಿರಕ್ಕೆ ಬರುವ ಮೊದಲೇ ಸ್ಕೋರ್ ತುಂಬಾ ಪೆನ್ಸಿಲ್ ಗೆರೆ ಬಿದ್ದಿರಬೇಕಾದ್ದು ಇದಕ್ಕೇ.

ಸ್ಕೋರ್ ಅಂದ ಕೂಡಲೇ ಬಸೂನಿನ ಕಥೆ ಹೇಳದೆ ಇರಲಾರೆ. ಐದನೆಯದರ ಮೊದಲ ಭಾಗದಲ್ಲಿ ಎರಡನೇ ಧಾಟಿ ಬರುವ ಮುಂಚೆ ಹಾರ್ನ್‌ಗಳು ಎದ್ದು ಕೂಗಿ ಕರೆಯುತ್ತವೆ. ಭರ್ಜರಿಯಾದ ಕರೆ. ಅದೇ ಜಾಗ ಮುಂದೆ ಮತ್ತೆ ಬಂದಾಗ, ಬೇರೆ ಶ್ರುತಿಯಲ್ಲಿ, ಬೀಥೋವನ್ ಆ ಕರೆಯನ್ನು ಬಸೂನ್‌ಗಳಿಗೆ ಕೊಟ್ಟಿದ್ದಾನೆ. ಬಸೂನ್ ಸದ್ದು ಹಾರ್ನ್‌ನಷ್ಟು ಗಟ್ಟಿಯಲ್ಲ. ಯಾಕೆ ಹೀಗೆ ಮಾಡಿದ? ಆ ಕಾಲದ ಹಾರ್ನ್‌ಗೆ ವಾಲ್ವ್ ಇರಲಿಲ್ಲ. ಅಳವಡಿಸಿದ ಕೊಳವೆಗೆ ಸಹಜವಾಗಿ ಹುಟ್ಟುವ ಸ್ವರಗಳಷ್ಟೇ ಸಲೀಸಾಗಿ ಬರುತ್ತಿದ್ದವು. ಶ್ರುತಿ ಬದಲಾದರೆ ಕೊಳವೆ ಬದಲಿಸಬೇಕು. ಅದಕ್ಕೆ ಹೊತ್ತು ಬೇಕು. ಹಾಗಾಗಿ ಬಸೂನ್.

ಮುಂದೆ ವಾಲ್ವ್ ಬಂತು. ಎಲ್ಲ ಸ್ವರವೂ ಹಾರ್ನ್‌ನಲ್ಲಿ ಬರುವಂತಾಯಿತು. ಆಗ ಎಷ್ಟೋ ಕಂಡಕ್ಟರ್‌ಗಳು ಎರಡನೇ ಸಲವೂ ಹಾರ್ನ್‌ನಿಂದಲೇ ಕರೆ ಹಾಕಿಸಿದರು. ಬೀಥೋವನ್‌ಗೆ ಇಂದಿನ ವಾದ್ಯ ಸಿಕ್ಕಿದ್ದರೆ ಹಾಗೇ ಬರೆಯುತ್ತಿದ್ದ ಎಂದು ಅವರ ವಾದ. ಬರೆದದ್ದನ್ನು ನುಡಿಸಿ, ಊಹೆ ಬೇಡ ಎಂದು ಎದುರು ವಾದ. ಈಚೆಗೆ ಎರಡನೆಯದಕ್ಕೇ ಒಲವು ಜಾಸ್ತಿ. ನನಗೂ ಬಸೂನೇ ಇಷ್ಟ. ಮೊದಲ ಸಲ ಗೆದ್ದವನಂತೆ ಕೂಗಿದ ಕರೆ ಎರಡನೇ ಸಲ ಸ್ವಲ್ಪ ಗಂಟಲು ಕಟ್ಟಿ ಬರುತ್ತದೆ. ಅಷ್ಟು ಹೊತ್ತು ಹೋರಾಡಿದ ಮೇಲೆ ಅದು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ಬಸೂನ್ ಇಟ್ಟುಕೊಂಡರೆ ಉಳಿದವರ ಸದ್ದು ಇಳಿಸಿ ಅದಕ್ಕೆ ಜಾಗ ಮಾಡಿಕೊಡಬೇಕು. ಕಲಿಯುವವರಿಗೆ ಆಗ ಹೊಳೆಯುತ್ತದೆ: ಸ್ಕೋರ್‌ನಲ್ಲಿ ಎಲ್ಲರಿಗೂ ‘ಜೋರು’ ಎಂದೇ ಬರೆದಿದ್ದರೂ ಎಲ್ಲರ ಜೋರೂ ಒಂದೇ ಅಲ್ಲ.

ಹಾಗಾದರೆ ಬೀಥೋವನ್ ಸ್ವತಃ ಹೇಗೆ ಕಂಡಕ್ಟ್ ಮಾಡುತ್ತಿದ್ದ? ಇದನ್ನು ಕಣ್ಣಾರೆ ಕಂಡವನು ಲೂಯಿ ಷ್ಪೋರ್ ಎಂಬ ಪಿಟೀಲು ವಾದಕ. 1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ ಗಾಯಗೊಂಡ ಸೈನಿಕರ ಸಹಾಯಕ್ಕೆಂದು ನಡೆದ ಕಛೇರಿಯಲ್ಲಿ ಏಳನೇ ಸಿಂಫನಿ ಮೊದಲ ಸಲ ಕೇಳಿಸಿತು. ಷ್ಪೋರ್ ಆ ಆರ್ಕೆಸ್ಟ್ರಾದಲ್ಲಿ ಕೂತು ನುಡಿಸಿದ್ದ. ಸದ್ದು ಮೆಲ್ಲಗಾಗಬೇಕಾದಾಗ ಬೀಥೋವನ್ ಬಗ್ಗಿ ಬಗ್ಗಿ ಕುಗ್ಗುತ್ತಿದ್ದ. ಏರಬೇಕಾದಾಗ ನಿಧಾನವಾಗಿ ಎದ್ದು ಬರುತ್ತಿದ್ದ. ಜೋರಿನ ಜಾಗದಲ್ಲಿ ಎಗರುತ್ತಿದ್ದ. ಹೀಗೆಂದು ಅವನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಹೊತ್ತಿಗೆ ಕಿವಿ ಬಹಳ ಮಂದವಾಗಿತ್ತು. ರಿಹರ್ಸಲ್‌ನಲ್ಲಿ ತೀರಾ ಮೆಲ್ಲಗಿನ ಒಂದು ಭಾಗ ಬಂತು. ಬೀಥೋವನ್‌ಗೆ ಏನೂ ಕೇಳಿಸಲಿಲ್ಲ. ಮನಸ್ಸಿನ ಲೆಕ್ಕದಲ್ಲಿ ಹತ್ತು ಹನ್ನೆರಡು ಬಾರ್ ಮುಂದೆ ಹೋಗಿಬಿಟ್ಟ. ಜೋರು ಬರಬೇಕು ಎಂದುಕೊಂಡ ಜಾಗದಲ್ಲಿ ಎಗರಿದ. ಆರ್ಕೆಸ್ಟ್ರಾ ಇನ್ನೂ ಮೆಲ್ಲಗೇ ನುಡಿಸುತ್ತಿತ್ತು. ಸುತ್ತ ಗಾಬರಿಯಿಂದ ನೋಡಿದ. ನಿಜವಾದ ಜೋರು ಬಂದು ಕಿವಿಗೆ ಬಿದ್ದ ಮೇಲೆಯೇ ತಾನೆಲ್ಲಿದ್ದೇನೆ ಎಂದು ತಿಳಿದದ್ದು.

ಇದನ್ನು ಓದಿದಾಗಲೆಲ್ಲ ನನಗೆ ಎದೆ ಹಿಂಡಿದ ಹಾಗಾಗುತ್ತದೆ. 1824ರ ಮೇ 7ರಂದು ಒಂಬತ್ತನೆಯದು ಮೊದಲು ಕೇಳಿಸಿದಾಗ ಕೈ ಆಡಿಸಿದ್ದು ಮಿಖಾಯೆಲ್ ಉಮ್ಲೌಫ್. ಬೀಥೋವನ್ ಪಕ್ಕದಲ್ಲೇ ಇದ್ದ. ಚಪ್ಪಾಳೆ ಅವನಿಗೆ ಕೇಳಿಸಲಿಲ್ಲ. ಹಾಡುಗಾರ್ತಿ ಕರೋಲಿನ್ ಉಂಗರ್ ಅವನನ್ನು ಜನರ ಕಡೆ ತಿರುಗಿಸಿ ನಿಲ್ಲಿಸಿದಳು.

ಆಗ ವೃತ್ತಿಪರ ಕಂಡಕ್ಟರ್ ಎಂಬ ಹುದ್ದೆಯೇ ಇನ್ನೂ ರೂಪುಗೊಂಡಿರಲಿಲ್ಲ. ಮೊದಲ ಪಿಟೀಲಿನವರೋ ಸಂಗೀತಕಾರನೋ ಹೇಗೋ ನಡೆಸುತ್ತಿದ್ದರು. 1808ರ ಡಿಸೆಂಬರ್ 22ರಂದು ಐದನೆಯದು, ಆರನೆಯದು ಎರಡೂ ಒಂದೇ ಸಂಜೆ ಮೊದಲ ಸಲ ಬಂದವು. ಚಳಿಯ ಸಭಾಂಗಣದಲ್ಲಿ ನಾಲ್ಕು ಗಂಟೆಯ ಕಛೇರಿ. ತಯಾರಿ ಸಾಲದೆ ಕೊನೆಯ ಕೃತಿ ನಡುವೆಯೇ ನಿಂತು, ಮತ್ತೆ ಶುರು ಮಾಡಬೇಕಾಯಿತು. ಬೀಥೋವನ್‌ನ ಸಂಗೀತವೇ ಇಷ್ಟು ಕಷ್ಟವಾದ್ದರಿಂದ, ಕೈ ಆಡಿಸುವುದನ್ನೇ ಕೆಲಸ ಮಾಡಿಕೊಂಡವರು ಬೇಕಾದರು ಎಂದರೂ ತಪ್ಪಾಗಲಾರದು.

ಅದನ್ನು ಶಾಲೆ ಕಟ್ಟಿ ಕಲಿಸುವುದು ಇಪ್ಪತ್ತನೇ ಶತಮಾನದಲ್ಲಿ ಬಲವಾಯಿತು. ಮುಂಬೈಯ ಜುಬಿನ್ ಮೆಹ್ತಾ 1954ರಲ್ಲಿ, 18ರ ವಯಸ್ಸಿನಲ್ಲಿ, ವಿಯೆನ್ನಾಗೆ ಹೋಗಿ ಸ್ವರೋವ್‌ಸ್ಕಿ ಅವರ ಶಿಷ್ಯರಾದರು. 1956ರ ಬೇಸಿಗೆಯಲ್ಲಿ ಇಟಲಿಯ ಸಿಯೆನಾ ಊರಿನ ಶಿಬಿರದಲ್ಲಿ ಮೆಹ್ತಾ, ಕ್ಲಾಡಿಯೊ ಅಬ್ಬಾಡೊ, ಇನ್ನೂ ಹುಡುಗನಾಗಿದ್ದ ಡೇನಿಯಲ್ ಬಾರೆನ್‌ಬಾಯ್ಮ್ ಮೂವರೂ ಒಟ್ಟಿಗಿದ್ದರು. ಮೂವರೂ ಮುಂದೆ ಹೆಸರಾಂತ ಕಂಡಕ್ಟರ್‌ಗಳಾದರು. ವಿಯೆನ್ನಾದಲ್ಲಿ ದೊಡ್ಡ ಕಂಡಕ್ಟರ್‌ಗಳ ರಿಹರ್ಸಲ್ ನೋಡಲೆಂದೇ ಮೆಹ್ತಾ ಮತ್ತು ಅಬ್ಬಾಡೊ ಅಲ್ಲಿನ ಗಾಯನವೃಂದ ಸೇರಿಕೊಂಡರು. ಹಾಡುವವರು ಕೂರುವುದು ಆರ್ಕೆಸ್ಟ್ರಾದ ಹಿಂದೆ. ಅಲ್ಲಿಂದ ಕಂಡಕ್ಟರ್ ಮುಖ ನೇರವಾಗಿ ಕಾಣುತ್ತದೆ ನೋಡಿ. ಫಿನ್ಲೆಂಡ್‌ನಲ್ಲಿ ಯೋರ್ಮಾ ಪಾನುಲಾ ವಿದ್ಯಾರ್ಥಿಗಳನ್ನು ಪದೇ ಪದೇ ಆರ್ಕೆಸ್ಟ್ರಾ ಮುಂದೆ ನಿಲ್ಲಿಸಿ, ವಿಡಿಯೊ ತೆಗೆದು, ಆಮೇಲೆ ಅದನ್ನು ತೋರಿಸಿ ಕಲಿಸಿದರು. ತನ್ನ ಕೈ ಏನು ಮಾಡಿತು ಎಂದು ನೋಡಿದ ಮೇಲೆ ಶಿಕ್ಷಕರು ಹೇಳಬೇಕಾದ್ದು ಬಹಳ ಉಳಿಯುವುದಿಲ್ಲ. ಅಷ್ಟು ಪುಟ್ಟ ದೇಶದಿಂದ ಅಷ್ಟೊಂದು ಕಂಡಕ್ಟರ್‌ಗಳು ಬಂದದ್ದರ ಹಿಂದೆ ಅವರ ಪಾಠವಿದೆ.

ಒಬ್ಬನೇ ಸಂಗೀತಕಾರನಿಗೆ ಮನಸ್ಸು ಕೊಡುವ ಈ ಹಾದಿಯಲ್ಲಿ ಮೈಸೂರಿನ ಹೆಸರೂ ಇದೆ. ಜಯಚಾಮರಾಜ ಒಡೆಯರ್ ಕರ್ನಾಟಕ ಸಂಗೀತದ ವಾಗ್ಗೇಯಕಾರರು ಎಂದು ನಮಗೆ ಗೊತ್ತು. ಅವರು ಪಿಯಾನೊ ಕಲಿತವರೂ ಹೌದು. ರಷ್ಯಾ ಬಿಟ್ಟು ಲಂಡನ್‌ನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರ 1940ರ ದಶಕದ ಕೊನೆಯ ಹೊತ್ತಿಗೆ ಬಹುತೇಕ ಮರೆತುಹೋಗಿದ್ದರು. ಒಡೆಯರ್, ಮೆಟ್ನರ್ ಹೆಸರಲ್ಲಿ ಒಂದು ಸೊಸೈಟಿ ಮಾಡಿ, ದುಡ್ಡು ಕೊಟ್ಟು, ಮೆಟ್ನರ್ ತಾವೇ ನುಡಿಸಿದ ಕೃತಿಗಳನ್ನು ಧ್ವನಿಮುದ್ರಿಸಿದರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು (ಆರ್ಕೆಸ್ಟ್ರಾ ಜೊತೆ ಪಿಯಾನೊ ನುಡಿಸುವ ಕೃತಿ) ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ.

ಶಿಬಿರದ ಕೊನೆಯ ಸಂಜೆಗೆ ಬರೋಣ. ಕಛೇರಿಯಲ್ಲಿ ಕೃತಿಯ ಒಂದೊಂದು ಭಾಗವನ್ನು ಒಬ್ಬೊಬ್ಬರಿಗೆ ಹಂಚುವುದು ವಾಡಿಕೆ. ಒಬ್ಬರು ಇಳಿದು ಇನ್ನೊಬ್ಬರು ಹತ್ತುತ್ತಾರೆ. ಆದರೆ ಐದನೇ ಸಿಂಫನಿಯನ್ನು ನಾಲ್ಕು ಜನರಿಗೆ ಹಂಚಲು ಬರುವುದಿಲ್ಲ. ಮೂರನೇ ಭಾಗ ನಿಲ್ಲದೆ ನಾಲ್ಕನೆಯದಕ್ಕೆ ಸೇರಿಕೊಂಡುಬಿಟ್ಟಿದೆ. ನಡುವೆ ಸುಮಾರು 50 ಬಾರ್‌ಗಳ ಒಂದು ಸೇತುವೆ. ತಂತಿವಾದ್ಯಗಳು ಕೇಳಿಯೂ ಕೇಳದಷ್ಟು ಮೆಲ್ಲಗೆ. ಒಳಗೆ ಟಿಂಪನಿ ಒಂದೇ ಸ್ವರವನ್ನು ತಟ್ಟುತ್ತಿರುತ್ತದೆ. ಹಿಂದೆ ಟ್ರೊಂಬೋನ್ ಎಂಬ ದೊಡ್ಡ ಹಿತ್ತಾಳೆ ವಾದ್ಯ ಊದುವ ಮೂವರು ಕೂತಿದ್ದಾರೆ. ಮೊದಲ ಮೂರು ಭಾಗಗಳಲ್ಲಿ ಅವರಿಗೆ ಒಂದು ಸ್ವರವೂ ಇಲ್ಲ. ಪಿಕೊಲೊ ಎಂಬ ಪುಟ್ಟ ಕೊಳಲಿನವರಿಗೂ, ಕಾಂಟ್ರಬಸೂನ್ ಎಂಬ ದೊಡ್ಡ ಬಸೂನಿನವರಿಗೂ ಅಷ್ಟೇ.

ಆ ಜಾಗಕ್ಕೆ ಆಯ್ಕೆಯಾದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಕೈ ಇಲ್ಲಿ ಬಹುತೇಕ ಏನೂ ಮಾಡಬಾರದು. ಬರೀ ಬೆರಳಿನ ತುದಿಯಷ್ಟು ಏಟು. ಐವತ್ತು ಬಾರ್‌ನ ಕೊನೆಯ ಕೆಲವೇ ಬಾರ್‌ಗಳಲ್ಲಿ ಕ್ರೆಶೆಂಡೊ ಇದೆ. ಮುಂಚೆಯೇ ಏರಿಸಿಬಿಡಬೇಕು ಎಂದು ಮೈಯೆಲ್ಲ ಹೇಳುತ್ತಿರುತ್ತದೆ. ತಡೆದುಕೊಳ್ಳಬೇಕು. ಇನ್ನೊಂದು ಬಲೆಯೂ ಇದೆ. ಮೂರನೇ ಭಾಗದ ಅಂಕಿ 96, ನಾಲ್ಕನೆಯದು 84. ಏರಿ ಬಂದ ರಭಸದಲ್ಲೇ ಹೋದರೆ ನಾಲ್ಕನೆಯದು ಓಡಿಹೋಗುತ್ತದೆ. ಸದ್ದು ಹಿಗ್ಗುತ್ತಿರುವಾಗಲೇ ಏಟು ಅಗಲವಾಗಬೇಕು. ವಾರ ಪೂರ್ತಿ ಕಲಿತ ಎಡಗೈ ಈಗ ಬೇಕು. ಥಟ್ಟನೆ ಮೆಲ್ಲಗಾಗುವ ಬೀಥೋವನ್‌ನ ಅಭ್ಯಾಸ ನೂರು ಸಲ ಕಂಡವಳಿಗೆ, ಈ ಸಲ ಅವನು ಹಾಗೆ ಮಾಡುವುದಿಲ್ಲ ಎಂದು ಗೊತ್ತು. ಈ ಸಲ ಏರಿಕೆ ತುದಿ ಮುಟ್ಟುತ್ತದೆ. ಅವಳು ತಲೆ ಎತ್ತಿ ಟ್ರೊಂಬೋನ್‌ನವರ ಕಡೆ ನೋಡುತ್ತಾಳೆ. ಅವರು ವಾದ್ಯ ಎತ್ತಿ ತುಟಿಗಿಟ್ಟುಕೊಳ್ಳುತ್ತಾರೆ.